ಹೆಗಲ ಎಲುಬು ಕೂಡುವ ಬಗೆ

ಶಹಾಪುರದ ನಮ್ಮ ಮಾಳಿಗೆಯ ಮೇಲೆ ನಿಂತರೆ ಮಲಗಿದ ಬುದ್ಧನ ಬೆಟ್ಟ ಕಾಣುತ್ತದೆ. ಎರಡು ವರ್ಷಗಳ ಹಿಂದೆ ಆ ಮಾಳಿಗೆಯ ಮೆಟ್ಟಿಲಿನಿಂದ ಜಾರಿಬಿದ್ದು ನನ್ನ ಬಲಹೆಗಲ ಎಲುಬು ನಾಲ್ಕು ತುಂಡಾಯಿತು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ಅದು. ವೈದ್ಯರು ಒಡೆದ ಗುಂಡನ್ನು ತೆಗೆದು ಲೋಹದ ಕೀಲನ್ನಿಟ್ಟರು. ಲೋಹ ಬಂದ ಮೇಲೆ ಎಲುಬು ಕೂಡುವ ಮಾತೆಲ್ಲಿ ಎಂದುಕೊಂಡೆ. ಆ ತಪ್ಪು ತಿಳಿವಳಿಕೆಗೆ ಬೆಲೆ ತೆತ್ತವನಾಗಿ ಈ ನಾಲ್ಕು ಮಾತು.

ಹೆಗಲ ಕೀಲನ್ನು ಬದಲಿಸುವ ವಿದ್ಯೆ ಹಳೆಯದು. 1893ರಲ್ಲಿ ಪ್ಯಾರಿಸ್ಸಿನ ಪೆಯಾನ್ ಎಂಬ ಶಸ್ತ್ರವೈದ್ಯರು ಕ್ಷಯ ತಗುಲಿದ ಹೆಗಲಿಗೆ ಪ್ಲಾಟಿನಂ ಮತ್ತು ರಬ್ಬರಿನ ಕೀಲನ್ನಿಟ್ಟರು. ಸೋಂಕಿನ ದೆಸೆಯಿಂದ ಅದನ್ನು ಎರಡು ವರ್ಷದಲ್ಲಿ ತೆಗೆಯಬೇಕಾಯಿತು. 1985ರಲ್ಲಿ ಫ್ರಾನ್ಸಿನವರೇ ಆದ ಗ್ರಾಮೋಂ ಅವರು ಗುಂಡನ್ನು ಹೆಗಲ ಹಲಗೆಗೂ ಬಟ್ಟಲನ್ನು ತೋಳಿಗೂ ಕೂಡಿಸಿ ನಿಸರ್ಗದ ಕ್ರಮವನ್ನೇ ತಿರುವುಮುರುವು ಮಾಡಿದರು. ವಯಸ್ಸಾದವರ ಹೆಗಲು ಚೂರಾದಾಗ ಇಂದು ಈ ಬಗೆಯ ಕೀಲನ್ನೇ ಹೆಚ್ಚಾಗಿ ಬಳಸುತ್ತಾರೆ. ಆಗ ತೋಳನ್ನು ಎತ್ತುವ ಭಾರವನ್ನು ಹೆಗಲ ಹೊರಮೈಯ ದಪ್ಪ ಸ್ನಾಯು ಹೊರುತ್ತದೆ.

ತೋಳನ್ನು ಹೊರಕ್ಕೆ ಹೊರಳಿಸುವ ಸ್ನಾಯುಗಳಾದರೋ ಬೇರೆ. ಅವು ತೋಳೆಲುಬಿನ ತಲೆಯ ಪಕ್ಕದ ಗಂಟಿಗೆ ಅಂಟಿಕೊಂಡಿವೆ. ಮುರಿದ ಆ ಗಂಟನ್ನು ವೈದ್ಯರು ಗಟ್ಟಿ ದಾರದಿಂದ ಲೋಹಕ್ಕೂ ತೋಳೆಲುಬಿಗೂ ಬಿಗಿಯುತ್ತಾರೆ. ದಾರ ಹಿಡಿದಿಡಬಲ್ಲದು, ಬೆಸೆಯಲಾರದು. ಬೆಸೆಯುವುದು ಎಲುಬೇ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆ ಎಡೆಯಲ್ಲಿ ಮೆತ್ತನೆಯ ಬೆಸುಗೆ ಮೂಡುತ್ತದೆ. ವಾರಗಳು ಕಳೆದಂತೆ ಸುಣ್ಣದಂಶ ಸೇರಿ ಅದು ಗಟ್ಟಿಯಾಗುತ್ತದೆ. ತಂಬಾಕು ಈ ಕೆಲಸವನ್ನು ತಡಮಾಡುತ್ತದೆ. ಅವಸರ ಕೆಡಿಸಿಯೇ ಬಿಡುತ್ತದೆ.

ಕೈಯನ್ನು ಕೊರಳಪಟ್ಟಿಯಲ್ಲಿ ಆರು ವಾರ ಇರಿಸಲು ನನಗೆ ಹೇಳಿದ್ದರು. ಮೂರನೆಯ ವಾರ ನೋವು ತಗ್ಗಿತೆಂದು ಪಟ್ಟಿ ಕಳಚಿ, ಅಟ್ಟದಿಂದ ಪುಸ್ತಕದ ಗಂಟೊಂದನ್ನು ಇಳಿಸಿದೆ. ಆಮೇಲೆ ತೆಗೆದ ಕ್ಷಕಿರಣ ಚಿತ್ರದಲ್ಲಿ ಲೋಹದ ಕೀಲು ನೆಟ್ಟಗೆ ಇತ್ತು. ಎಲುಬಿನ ಗಂಟು ಮಾತ್ರ ತನ್ನ ನೆಲೆ ಬಿಟ್ಟಿತ್ತು.

ಈಗ ನೋವಿಲ್ಲ. ತೋಳು ಹೆಗಲ ಮಟ್ಟಕ್ಕೆ ಏಳುತ್ತದೆ. ಆದರೆ ತಲೆ ಬಾಚಲು ಹೋದರೆ ಕೈ ಹೊರಳದು. ಚಿಕಿತ್ಸೆಯ ಫಲವನ್ನು ಅಳೆಯುವುದು ಚಿತ್ರದಿಂದಲ್ಲ, ಇಂಥ ನಿತ್ಯದ ಕೆಲಸಗಳಿಂದ.

ಆದುದರಿಂದ ಇಂಥ ಚಿಕಿತ್ಸೆ ಪಡೆದವರಲ್ಲಿ ನನ್ನ ಅರಿಕೆಯಿಷ್ಟೆ: ವೈದ್ಯರು ಹೇಳಿದಷ್ಟು ದಿನ ಹೆಗಲಿಗೆ ಬಿಡುವು ಕೊಡಿ. ಅನಂತರ ಅವರು ಕಲಿಸುವ ವ್ಯಾಯಾಮವನ್ನು ತಪ್ಪಿಸಬೇಡಿ. ಒಂದು ವರ್ಷದವರೆಗೂ ಸುಧಾರಣೆ ಮುಂದುವರಿಯುತ್ತದೆ. ಲೋಹವನ್ನು ವೈದ್ಯರು ಒಂದು ಹಗಲಿನಲ್ಲಿ ಕೂಡಿಸಬಲ್ಲರು. ಎಲುಬಿಗೆ ಬೇಕಾದ ವಾರಗಳನ್ನು ಕೊಡಬೇಕಾದವರು ನಾವು.

(ಬಾನುಲಿ ಭಾಷಣ)