ಮಾಳಿಗೆಯಿಂದ ಬೇವಿನ ಮರಕ್ಕೆ ಎಷ್ಟು ಮಾರು ತಂತಿ?

ವಾಲ್ವ್ ರೇಡಿಯೋ ಮನೆಯ ಗೌರವದ ವಸ್ತುವಾಗಿದ್ದ ಕಾಲವನ್ನು ಕಂಡ ಹಿರಿಯರಿಗೆ ಏರಿಯಲ್ ಎಂಬ ಮಾತು ಹೊಸದಲ್ಲ. ಮಾಳಿಗೆಯ ಮೇಲೆ ಎರಡು ಗಳುಗಳನ್ನು ನೆಟ್ಟು, ನಡುವೆ ತಾಮ್ರದ ತಂತಿಯನ್ನೋ ಜಾಲರಿ ಪಟ್ಟಿಯನ್ನೋ ಬಿಗಿದು, ಅದರ ಒಂದು ತುದಿಯನ್ನು ಕಿಟಕಿಯಿಂದ ಒಳಗಿಳಿಸಿದರೆ 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಕನ್ನಡ ಆಂಧ್ರಕ್ಕೆ ಸೇರಿದ ಊರುಗಳಲ್ಲಿಯೂ ಕೇಳುತ್ತಿತ್ತು. ಆ ತಂತಿಗೆ ಅಳತೆಯ ಕಟ್ಟುನಿಟ್ಟಿರಲಿಲ್ಲ. ಮನೆ ಎಷ್ಟು ಉದ್ದವೋ ತಂತಿಯೂ ಅಷ್ಟೇ ಉದ್ದ.

ಕೇಳುವ ತಂತಿಗೆ ಸಲ್ಲುವ ಈ ಸಲುಗೆ ಮಾತನಾಡುವ ತಂತಿಗೆ ಸಲ್ಲದು. ಹ್ಯಾಮ್ ಎಂದು ಕರೆಯಲಾಗುವ ಹವ್ಯಾಸಿ ರೇಡಿಯೋದಲ್ಲಿ ಕೇಳುವ ತಂತಿಯಿಂದಲೇ ಮರುನುಡಿಯನ್ನೂ ಕಳುಹಿಸಬೇಕು. ಅಲ್ಲಿ ಅಳತೆ ತಪ್ಪಿದರೆ ಯಂತ್ರದ ಶಕ್ತಿ ಆಕಾಶಕ್ಕೆ ಹೋಗದೆ ಹಿಂದಿರುಗಿ ಯಂತ್ರವನ್ನೇ ಬಿಸಿಮಾಡುತ್ತದೆ. ಮನೆಯ ಒಂದು ತುದಿಯಿಂದ ಒಂದೇ ಎಳೆಯ ತಂತಿಯನ್ನು ಎದುರಿನ ಮರಕ್ಕೆ ಕಟ್ಟಿ ಮಾತನಾಡಬಯಸುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಎಷ್ಟು ಉದ್ದ?

ಇದು ಕೇವಲ ಹವ್ಯಾಸದ ಪ್ರಶ್ನೆಯಲ್ಲವೆಂಬುದನ್ನು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಉಕ್ಕಿ ಮಂತ್ರಾಲಯದ ಮಠದೊಳಗೆ ನುಗ್ಗಿದಳು. ಕರ್ನೂಲು ನಗರವೇ ನೀರಿನಲ್ಲಿ ನಿಂತಿತು. ಅಂಥ ಪ್ರವಾಹದಲ್ಲಿ ಮೊದಲು ಕೈಕೊಡುವುದು ವಿದ್ಯುತ್ತು, ಅದರ ಬೆನ್ನಿಗೇ ದೂರವಾಣಿ. ಮಂತ್ರಾಲಯದಿಂದ ಕರ್ನೂಲಿಗೆ ನೇರ ದೂರ ಸುಮಾರು 65 ಕಿಲೋಮೀಟರ್. ಕೈಯಲ್ಲಿ ಹಿಡಿದು ಮಾತನಾಡುವ ಸಣ್ಣ ವೈರ್‌ಲೆಸ್ ಸೆಟ್ಟಿನ ಮಾತು ನಡುವೆ ಮರುಪ್ರಸಾರದ ನೆರವಿಲ್ಲದೆ ಅಷ್ಟು ದೂರ ಮುಟ್ಟುವುದಿಲ್ಲ. ಕಾರಿನ ಬ್ಯಾಟರಿಗೆ ಜೋಡಿಸಿದ ಕಿರುತರಂಗದ ಯಂತ್ರ ಮತ್ತು ಸರಿಯಾದ ಅಳತೆಯ ಒಂದು ತಂತಿ ಇದ್ದರೆ ಮುಟ್ಟುತ್ತದೆ.

ಇದಕ್ಕೆ ನಿದರ್ಶನವೂ ಉಂಟು. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಅವರ ತಂಡ 2004ರ ಡಿಸೆಂಬರಿನಲ್ಲಿ ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತನಾಡಲೆಂದು ಕೇಂದ್ರವೊಂದನ್ನು ಸಜ್ಜುಗೊಳಿಸಿತ್ತು. ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಬಡಿಯಿತು. ಹವ್ಯಾಸಕ್ಕೆಂದು ಕಟ್ಟಿದ್ದ ಆ ಕೇಂದ್ರವೇ ದ್ವೀಪಗಳಲ್ಲಿದ್ದವರ ಕ್ಷೇಮಸಮಾಚಾರವನ್ನು ಮುಖ್ಯ ಭೂಭಾಗಕ್ಕೆ ಸಾಗಿಸುವ ದಾರಿಯಾಯಿತು. ಆಪತ್ತು ಬಂದ ಮೇಲೆ ತಂತಿ ಅಳೆಯಲು ಸಮಯವಿರುವುದಿಲ್ಲ; ಮೊದಲೇ ಅಳೆದು ಕಟ್ಟಿದ್ದದ್ದು ಮಾತ್ರ ಕೆಲಸಕ್ಕೆ ಬರುತ್ತದೆ.

ಅಳತೆಯ ಮೂಲ ಸೂತ್ರ ಸರಳವಾದುದು. ಪ್ರತಿ ಆವರ್ತನಕ್ಕೂ ಒಂದು ತರಂಗಾಂತರವಿದೆ; ಅದರ ಅರ್ಧದಷ್ಟು ಉದ್ದದ ತಂತಿಯಲ್ಲಿ ವಿದ್ಯುತ್ತು ಸಲೀಸಾಗಿ ಅನುರಣಿಸುತ್ತದೆ. 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಆ ಅರ್ಧತರಂಗದ ಉದ್ದ ಮೀಟರಿನಲ್ಲಿ ದೊರೆಯುತ್ತದೆ. ಭಾರತದ ಹವ್ಯಾಸಿಗಳು ಹೆಚ್ಚಾಗಿ ಬಳಸುವ ಪಟ್ಟಿಗಳಲ್ಲೊಂದಾದ 7.1 ಮೆಗಾಹರ್ಟ್ಸ್‌ಗೆ ಈ ಲೆಕ್ಕ 20.1 ಮೀಟರ್ ಎನ್ನುತ್ತದೆ. ಹಗ್ಗ ಅಳೆಯುವ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 11 ಮಾರು. ಆದರೆ ಒಬ್ಬರ ಮಾರು ಇನ್ನೊಬ್ಬರ ಮಾರಲ್ಲವಾದುದರಿಂದ ಟೇಪು ಹಿಡಿಯುವುದೇ ಲೇಸು.

ಇಂಥ ಅರ್ಧತರಂಗದ ತಂತಿಗೆ ನಡುವಿನಲ್ಲಿ ಅಲ್ಲದೆ ತುದಿಯಲ್ಲಿ ಶಕ್ತಿ ಊಡುವ ಪದ್ಧತಿ ಶತಮಾನದಷ್ಟು ಹಳೆಯದು. 1909ರಲ್ಲಿ ಜರ್ಮನಿಯ ಹಾನ್ಸ್ ಬೆಗೆರೊ ಇದನ್ನು ಜೆಪ್ಪೆಲಿನ್ ವಾಯುನೌಕೆಗಳಿಗಾಗಿ ರೂಪಿಸಿದ. ಹಾರುವ ನೌಕೆಯಿಂದ ಬಾಲದಂತೆ ಇಳಿಬಿಟ್ಟ ತಂತಿಯ ನಡುಭಾಗಕ್ಕೆ ಕೇಬಲ್ ಒಯ್ಯುವುದು ಸಾಧ್ಯವಿರಲಿಲ್ಲ. ಮಾಳಿಗೆ ಮನೆಯ ತೊಡಕೂ ಅದೇ. ಒಂದು ಕಡೆ ಮನೆ, ಇನ್ನೊಂದು ಕಡೆ ಬೇವಿನ ಮರ. ನಡುವೆ ಕಂಬ ನೆಡಲು ಬೀದಿಯೋ ಪರರ ಹಿತ್ತಲೋ ಅಡ್ಡ. ಆಗ ತುದಿಯಿಂದ ಊಡುವುದೊಂದೇ ದಾರಿ.

ಆದರೆ ಅರ್ಧತರಂಗದ ತಂತಿಯ ತುದಿಯಲ್ಲಿ ವೋಲ್ಟೇಜು ಬಹಳ, ವಿದ್ಯುತ್ ಹರಿವು ಅತ್ಯಲ್ಪ. ಅಲ್ಲಿನ ಇಂಪೀಡೆನ್ಸ್, ಅಂದರೆ ಪರ್ಯಾಯ ವಿದ್ಯುತ್ತಿಗೆ ಎದುರಾಗುವ ಒಟ್ಟು ತಡೆ, ಎರಡೂವರೆಯಿಂದ ಮೂರು ಸಾವಿರ ಓಮ್‌ಗಳಷ್ಟು. ರೇಡಿಯೋ ಯಂತ್ರ ಬಯಸುವುದು 50 ಓಮ್. ಈ ಅಂತರವನ್ನು ಕೂಡಿಸಲು ಫೆರೈಟ್ ಬಳೆಯ ಮೇಲೆ 2 ಸುತ್ತಿಗೆ 14 ಸುತ್ತು ಹಾಕಿದ ಟ್ರಾನ್ಸ್‌ಫಾರ್ಮರ್ ಬಳಸುತ್ತಾರೆ. ಸುತ್ತುಗಳ ಅನುಪಾತ 7. ಅದರ ವರ್ಗ 49. 50 ಓಮನ್ನು ಅದು 2,450 ಓಮಿಗೆ ಏರಿಸುತ್ತದೆ. ಈ ಪದ್ಧತಿಯಲ್ಲಿ ತಂತಿ ಅರ್ಧತರಂಗದಷ್ಟೇ, ಇಲ್ಲವೆ ಅದರ ಪೂರ್ಣ ಗುಣಕದಷ್ಟೇ ಇರಬೇಕು. 7 ಮೆಗಾಹರ್ಟ್ಸ್‌ಗೆ ಕತ್ತರಿಸಿದ ತಂತಿಯೇ 14, 21, 28 ಮೆಗಾಹರ್ಟ್ಸ್ ಪಟ್ಟಿಗಳಲ್ಲಿಯೂ ನುಡಿಯುವುದು ಈ ಕಾರಣದಿಂದಲೇ. ಮೇಲಿನ ಪಟ್ಟಿಗಳಲ್ಲಿ ಅನುರಣನ ಲೆಕ್ಕಕ್ಕಿಂತ ಕೊಂಚ ಮೇಲಕ್ಕೆ ಸರಿಯುವುದರಿಂದ, ತಂತಿಯನ್ನು 7 ಮೆಗಾಹರ್ಟ್ಸ್ ಪಟ್ಟಿಯ ಕೆಳ ತುದಿಗೆ ಹೊಂದಿಸಿಕೊಳ್ಳುವುದು ಜಾಣತನ.

ಎರಡನೆಯ ಪದ್ಧತಿ ಇದಕ್ಕೆ ನೇರ ವಿರುದ್ಧವಾದುದು. ಅದರಲ್ಲಿ 9ಕ್ಕೆ 1ರ ಟ್ರಾನ್ಸ್‌ಫಾರ್ಮರ್ ಬಳಸಿ, ಉಳಿದ ಹೊಂದಾಣಿಕೆಯನ್ನು ಟ್ಯೂನರ್ ಎಂಬ ಪೆಟ್ಟಿಗೆಗೆ ಒಪ್ಪಿಸುತ್ತಾರೆ. ಇದು ನಿಭಾಯಿಸಬಲ್ಲದ್ದು ಕೆಲವು ನೂರು ಓಮ್‌ಗಳ ತಡೆಯನ್ನು ಮಾತ್ರ. ಆದುದರಿಂದ ಬಳಸಲಿರುವ ಯಾವ ಪಟ್ಟಿಯಲ್ಲಿಯೂ ತಂತಿ ಅರ್ಧತರಂಗದ ಗುಣಕವಾಗಕೂಡದು. ಇದನ್ನು ಅಡ್ಡಾದಿಡ್ಡಿ ಉದ್ದದ ತಂತಿ ಎಂದು ಕರೆಯುವುದುಂಟು. ವಾಸ್ತವವಾಗಿ ಇದರಲ್ಲಿ ಅಡ್ಡಾದಿಡ್ಡಿ ಏನೂ ಇಲ್ಲ. 3.5, 7, 14, 21, 28 ಮೆಗಾಹರ್ಟ್ಸ್ ಪಟ್ಟಿಗಳ ಅರ್ಧತರಂಗಗಳು ಸುಮಾರಾಗಿ 40, 20, 10, 6.7 ಮತ್ತು 5 ಮೀಟರ್. ಇವನ್ನೂ ಇವುಗಳ ಗುಣಕಗಳನ್ನೂ ಒಂದು ಗೆರೆಯ ಮೇಲೆ ಗುರುತಿಸಿದರೆ 10, 13.5, 15, 20, 25 ಮೀಟರುಗಳ ಆಸುಪಾಸು ನಿಷಿದ್ಧ ಸ್ಥಳಗಳಾಗುತ್ತವೆ. ಅವುಗಳ ನಡುವೆ ಉಳಿಯುವ ಬಯಲುಗಳೆಂದರೆ 12, 17.5 ಮತ್ತು 22.5 ಮೀಟರ್. ತಂತಿ ಅತಿ ಕೆಳಗಿನ ಪಟ್ಟಿಯ ಕಾಲು ತರಂಗಕ್ಕಿಂತ ಗಿಡ್ಡವಾಗಬಾರದೆಂಬುದು ಇನ್ನೊಂದು ನಿಯಮ. ಹಾಗಾಗಿ 12 ಮತ್ತು 17.5 ಮೀಟರ್ ತಂತಿಗಳು 7 ಮೆಗಾಹರ್ಟ್ಸ್‌ಗೂ ಅದರ ಮೇಲಿನವಕ್ಕೂ ಸಲ್ಲುತ್ತವೆ, 22.5 ಮೀಟರ್ ತಂತಿ 3.5 ಮೆಗಾಹರ್ಟ್ಸ್‌ಗೂ ಒದಗುತ್ತದೆ.

ಹೊಸಬರು ಎಡವುವುದು ಈ ಎರಡು ನಿಯಮಗಳನ್ನು ಬೆರೆಸಿದಾಗ. 20 ಮೀಟರ್ ತಂತಿ ಒಳ್ಳೆಯದೆಂದು ಒಬ್ಬರಿಂದ ಕೇಳಿ, 9ಕ್ಕೆ 1ರ ಪೆಟ್ಟಿಗೆಯನ್ನು ಮತ್ತೊಬ್ಬರಿಂದ ತಂದು ಜೋಡಿಸಿದರೆ ಎರಡೂ ಒಳ್ಳೆಯವೇ ಆದರೂ ಕೂಡಿ ಬಾಳುವುದಿಲ್ಲ. ಮೂರು ಸಾವಿರ ಓಮನ್ನು 9ರಿಂದ ಭಾಗಿಸಿದರೆ ಯಂತ್ರಕ್ಕೆ ಕಾಣುವುದು 300 ಓಮಿಗಿಂತಲೂ ಹೆಚ್ಚು. ಹಾಗೆಯೇ 17.5 ಮೀಟರಿನ ತಂತಿಗೆ 49ಕ್ಕೆ 1ರ ಟ್ರಾನ್ಸ್‌ಫಾರ್ಮರ್ ಕಟ್ಟಿದರೆ ಶಕ್ತಿಯ ಒಂದು ಪಾಲು ಫೆರೈಟ್ ಬಳೆಯನ್ನು ಕಾಯಿಸಲು ವ್ಯಯವಾಗುತ್ತದೆ. ಒಂದು ಪದ್ಧತಿ ಅರ್ಧತರಂಗವನ್ನು ಅರಸುತ್ತದೆ, ಇನ್ನೊಂದು ಅದರಿಂದ ತಪ್ಪಿಸಿಕೊಳ್ಳುತ್ತದೆ. ಉದ್ದವನ್ನು ಆರಿಸುವ ಮುನ್ನ ಯಾವ ಪದ್ಧತಿಯೆಂದು ನಿರ್ಧರಿಸಬೇಕು.

ಹಾಗಾದರೆ ಆದವಾನಿ, ಆಲೂರು, ಹೊಳಗುಂದ, ಕೋಸಿಗಿ, ಮಂತ್ರಾಲಯ ಸೀಮೆಗೆ ಯಾವುದು ಒಪ್ಪುತ್ತದೆ? ಯಾರೊಡನೆ, ಯಾವ ಹೊತ್ತಿನಲ್ಲಿ ಮಾತು ಎಂಬುದರಿಂದ ಇದು ತೀರ್ಮಾನವಾಗಬೇಕು. ಆದವಾನಿಯಿಂದ ಬಳ್ಳಾರಿ ನೇರ ದಾರಿಯಲ್ಲಿ ಸುಮಾರು 65 ಕಿಲೋಮೀಟರ್, ಕರ್ನೂಲು 85, ಹೈದರಾಬಾದು 230, ಬೆಂಗಳೂರು 300. ಇವೆಲ್ಲವೂ ಕಿರುತರಂಗದ ಲೆಕ್ಕದಲ್ಲಿ ನೆರೆಹೊರೆ. ಆರರಿಂದ ಹತ್ತು ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ 7 ಮೆಗಾಹರ್ಟ್ಸ್ ತಂತಿಯ ತರಂಗಗಳು ಬಹುಮಟ್ಟಿಗೆ ನೆತ್ತಿಯ ಕಡೆಗೇ ಏರಿ, ಅಯಾನುಗೋಳದಿಂದ ಮರಳಿ, ಕಾರಂಜಿಯ ನೀರಿನಂತೆ ಸುತ್ತಲ ಕೆಲವು ನೂರು ಕಿಲೋಮೀಟರುಗಳ ಮೇಲೆ ಬೀಳುತ್ತವೆ. ಹತ್ತಿರದವರೊಡನೆ ಮಾತನಾಡಲು ಎತ್ತರದ ಗೋಪುರ ಬೇಕಿಲ್ಲ. ಮಾಳಿಗೆಯೂ ಬೇವಿನ ಮರವೂ ಸಾಕು.

ಆದರೆ ಹಗಲಿನ ಈ ಅನುಕೂಲ ಇರುಳಿಡೀ ಇರುವುದಿಲ್ಲ. ರಾತ್ರಿ ಬೆಳೆದಂತೆ ಅಯಾನುಗೋಳ ಕ್ಷೀಣಿಸಿ, ನೆತ್ತಿಗೇರಿದ 7 ಮೆಗಾಹರ್ಟ್ಸ್ ತರಂಗ ಮರಳದೆ ಹೋಗುವುದುಂಟು. ಆಗ ದೂರದವರ ಮಾತು ಕೇಳುತ್ತದೆ, ಪಕ್ಕದ ಜಿಲ್ಲೆಯವರದು ಕೇಳುವುದಿಲ್ಲ. ಆ ಹೊತ್ತಿಗೆ 3.5 ಮೆಗಾಹರ್ಟ್ಸ್ ಪಟ್ಟಿಗೆ ಇಳಿಯಬೇಕು; ಅದರ ಅರ್ಧತರಂಗಕ್ಕೆ 40 ಮೀಟರ್ ಸ್ಥಳ ಬೇಕು. ಹೊಲದ ಮನೆಯಲ್ಲಿ ಅದು ದೊರೆತೀತು, ಆದವಾನಿಯ ಹಳೆಯ ಪೇಟೆಯ ಇಕ್ಕಟ್ಟಿನಲ್ಲಿ ದೊರೆಯದು. ಹಗಲಿನ ಮಾತುಕತೆಯಷ್ಟೇ ಸಾಕೆನ್ನುವವರಿಗೆ ಟ್ಯೂನರ್ ಬಹುಮಟ್ಟಿಗೆ ಬೇಡದ 20 ಮೀಟರ್ ಅರ್ಧತರಂಗವೇ ಉತ್ತಮ. ಹಗಲು ರಾತ್ರಿ ಎರಡರಲ್ಲಿಯೂ ನೆರೆಯ ಊರುಗಳ ಸಂಪರ್ಕ ಉಳಿಯಬೇಕೆನ್ನುವವರು, ನದೀತೀರದವರು ವಿಶೇಷವಾಗಿ, 22.5 ಮೀಟರ್ ತಂತಿ, 9ಕ್ಕೆ 1ರ ಟ್ರಾನ್ಸ್‌ಫಾರ್ಮರ್ ಮತ್ತು ಒಳ್ಳೆಯ ಟ್ಯೂನರ್ ಇಟ್ಟುಕೊಳ್ಳುವುದು ಮೇಲು. ಅರ್ಧತರಂಗಕ್ಕಿಂತ ಇದರಲ್ಲಿ ನಷ್ಟ ಹೆಚ್ಚಿರಬಹುದು. ಆದರೆ ಪ್ರವಾಹಕ್ಕೆ ಹೊತ್ತುಗೊತ್ತಿಲ್ಲ.

ನೆಲದ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತುದಿಯಿಂದ ಊಡುವ ತಂತಿಗೆ ಎದುರು ತೂಕವಾಗಿ ಇನ್ನೊಂದು ತಂತಿ ಬೇಕು. ಅರ್ಧತರಂಗಕ್ಕೆ ಒಂದೆರಡು ಮೀಟರ್ ಸಾಕು. ಕೇಬಲ್ಲಿನ ಹೊರಕವಚವೇ ಆ ಕೆಲಸ ಮಾಡುವುದುಂಟು. ಎರಡನೆಯ ಪದ್ಧತಿಗೆ ಎಂಟು ಹತ್ತು ಮೀಟರ್ ಬೇಕು. ನೆಲಕ್ಕೆ ಕಂಬಿ ಹೊಡೆದರೆ ಸಾಕೆಂಬ ನಂಬಿಕೆ ಎರೆ ಸೀಮೆಯಲ್ಲಿ ನಡೆಯದು. ಬೇಸಿಗೆಯಲ್ಲಿ ಬಿರುಕುಬಿಟ್ಟ ಎರೆಮಣ್ಣು ಕಂಬಿಯನ್ನು ಹಿಡಿದುಕೊಳ್ಳುವುದಿಲ್ಲ. ಮಾಳಿಗೆಯ ಮೇಲೆಯೇ ಹಾಸಿದ ತಂತಿ ಹೆಚ್ಚು ನೆಚ್ಚಿಗೆಯದು.

ಕತ್ತರಿಸುವ ಕ್ರಮದಲ್ಲಿ ಅವಸರ ಸಲ್ಲದು. ಮೊದಲು ಅರ್ಧ ಮೀಟರಿನಷ್ಟು ಹೆಚ್ಚಿಗೆ ಬಿಟ್ಟು ಕಟ್ಟಿ, ಮೀಟರಿನಲ್ಲಿ ಅನುರಣನ ಎಲ್ಲಿದೆಯೆಂದು ನೋಡಬೇಕು. 20.7 ಮೀಟರ್ ತಂತಿ 6.9 ಮೆಗಾಹರ್ಟ್ಸ್‌ನಲ್ಲಿ ಅನುರಣಿಸಿದರೆ, 20.7ನ್ನು 6.9ರಿಂದ ಗುಣಿಸಿ 7.1ರಿಂದ ಭಾಗಿಸಿದಾಗ 20.12 ಬರುತ್ತದೆ; ಅದೇ ಬೇಕಾದ ಉದ್ದ. ಪ್ಲಾಸ್ಟಿಕ್ ಹೊದಿಕೆಯ ತಂತಿ ಬರಿಯ ತಂತಿಗಿಂತ ಶೇಕಡಾ ಎರಡರಿಂದ ಐದರಷ್ಟು ಗಿಡ್ಡವಾದರೆ ಸರಿಹೊಂದುತ್ತದೆ. ಹೆಚ್ಚಾದುದನ್ನು ಕತ್ತರಿಸುವ ಬದಲು ಮಡಿಸಿ ಸುತ್ತಿಟ್ಟರೆ ತಪ್ಪನ್ನು ತಿದ್ದಲು ಅವಕಾಶವಿರುತ್ತದೆ.

ಜೀವಕ್ಕೆ ಸಂಬಂಧಿಸಿದ ಎಚ್ಚರ ಎಲ್ಲಕ್ಕೂ ಮಿಗಿಲು. ಆಂಟೆನಾ ತಂತಿಯನ್ನು ವಿದ್ಯುತ್ ಮಾರ್ಗದ ಮೇಲಾಗಲಿ ಕೆಳಗಾಗಲಿ ದಾಟಿಸಕೂಡದು. ಕಡಿದು ಬಿದ್ದರೂ ಮಾರ್ಗವನ್ನು ತಾಗದಷ್ಟು ದೂರವಿರಬೇಕು. ಕೇವಲ 50 ವಾಟ್ ಶಕ್ತಿಯಲ್ಲಿಯೂ ಅರ್ಧತರಂಗದ ತುದಿಯಲ್ಲಿ ಸುಮಾರು 350 ವೋಲ್ಟ್ ಇರುತ್ತದೆಯಾದ್ದರಿಂದ ಎರಡೂ ತುದಿಗಳು ಮಕ್ಕಳ ಕೈಗೆ ಎಟುಕಬಾರದು. ಗುಡುಗು ಸಿಡಿಲಿನ ಮುನ್ಸೂಚನೆ ಕಂಡೊಡನೆ ಕೇಬಲ್ಲನ್ನು ಯಂತ್ರದಿಂದ ಬಿಡಿಸಿ ಮನೆಯ ಹೊರಗಿಡಬೇಕು.

ಮಾತನಾಡುವ ತಂತಿಗೆ ಪರವಾನಗಿ ಕಡ್ಡಾಯ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆಯನ್ನು 12 ವರ್ಷ ತುಂಬಿದ ಯಾರೂ ಬರೆಯಬಹುದು. ಅಲ್ಲಿ ಕೇಳುವ ಲೆಕ್ಕ ಮೇಲಿನ ಭಾಗಾಕಾರಗಳಿಗಿಂತ ಬಹಳ ಕಠಿಣವಾದುದಲ್ಲ. ಗಡಿಭಾಗದ ಕನ್ನಡ ಶಾಲೆಗಳ ಮೇಲಿನ ತರಗತಿಯ ಮಕ್ಕಳಿಗೆ ಎಟುಕುವಂಥದೇ. ಕೇಳುವುದಕ್ಕೆ ಕಟ್ಟಿದ ಹಳೆಯ ಗಳುಗಳು ಹಲವು ಮಾಳಿಗೆಗಳಿಂದ ಎಂದೋ ಇಳಿದುಹೋಗಿವೆ. ಮಾತನಾಡುವುದಕ್ಕೆ ಕಟ್ಟಬೇಕಾದ ತಂತಿಯ ಮೊದಲ ಕೆಲಸ ಖರ್ಚಿಲ್ಲದ್ದು: ಒಂದು ಟೇಪು ಹಿಡಿದು ಮಾಳಿಗೆ ಹತ್ತಿ, ಪಾಗಾರದ ಗೋಡೆಯಿಂದ ಎದುರಿನ ಬೇವಿನ ಮರಕ್ಕೆ ನಿಜವಾಗಿ ಎಷ್ಟು ಮೀಟರ್ ಇದೆಯೆಂದು ಬರೆದಿಟ್ಟುಕೊಳ್ಳುವುದು. 12, 17.5, 20, 22.5 ಅಥವಾ 40, ಇವುಗಳಲ್ಲಿ ಯಾವುದು ಆ ಮನೆಯ ತಂತಿಯೆಂಬುದನ್ನು ಅಲ್ಲಿಂದ ಮುಂದೆ ತೀರ್ಮಾನಿಸಬಹುದು.