ತೋಟದಲ್ಲಿ ಹಾಟ್ ಟಬ್ ಬೇಕೇ?

ಪ್ರಶ್ನೆ: ಸಾಲಗಾಮೆಯ ನಮ್ಮ ತೋಟದ ಮನೆ ಮುಂದೆ ಹಾಟ್ ಟಬ್ ಹಾಕಿಸಿದರೆ ಹೇಗೆ?

ಉತ್ತರ: ನಾಲ್ಕು ಜನ ಕೂರುವ ಟಬ್ಬಿಗೆ ಸುಮಾರು 1,000 ಲೀಟರ್ ನೀರು ಬೇಕು. ಅದನ್ನು 20 ಡಿಗ್ರಿಯಿಂದ 38ಕ್ಕೆ ಕಾಯಿಸಲು ಹತ್ತಿರಹತ್ತಿರ 21 ಯೂನಿಟ್ ಕರೆಂಟ್. ಮುಚ್ಚಳ ತೆಗೆದಿಟ್ಟರೆ ಬಿಸಿಯೆಲ್ಲ ಆವಿಯ ಜೊತೆ ಹೋಗುತ್ತದೆ. ಹಾಸನದ ಧನುರ್ಮಾಸದ ಚಳಿಯಲ್ಲಂತೂ ಇನ್ನೂ ಬೇಗ. ವಾರಗಟ್ಟಲೆ ಅದೇ ನೀರು ನಿಲ್ಲುವುದರಿಂದ ಫಿಲ್ಟರ್ ತೊಳೆಯಬೇಕು, ಕ್ಲೋರಿನ್ ಅಳೆದು ಹಾಕಬೇಕು. ತಪ್ಪಿದರೆ ಚರ್ಮಕ್ಕೆ ಸೋಂಕು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಹೀಟರಿಗೆ ಸುಣ್ಣ ಕಟ್ಟುತ್ತದೆ. ಹೋಂಸ್ಟೇ ನಡೆಸುವವರಾದರೆ ಬಾಡಿಗೆಯಲ್ಲಿ ಖರ್ಚು ಹುಟ್ಟೀತು. ಮನೆಮಟ್ಟಿಗೆ ನಾನಂತೂ ಬೇಡ ಅನ್ನುತ್ತೇನೆ. ತೆಂಗಿನ ಮಟ್ಟೆ, ಗರಿ ತೋಟದಲ್ಲೇ ಬಿದ್ದಿರುವಾಗ ಬಚ್ಚಲೊಲೆಯ ಹಂಡೆ ಸಾಕು. ನೀರು ತುಂಬುವ ಹಬ್ಬದ ಮರುದಿನದ ಎಣ್ಣೆಸ್ನಾನವನ್ನು ಟಬ್ಬಿನಲ್ಲಿ ಮಾಡಿದಿರೋ, ಫಿಲ್ಟರ್ ಕಥೆ ಮುಗಿದಂತೆ! ಹಾಕಿಸಿಯೇ ತೀರುವುದಾದರೆ, ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಇಳಿಯಬಾರದು.