ಯುಗಾದಿಯಿಂದ ಯುಗಾದಿಗೆ ಮನೆಯ ಲೆಕ್ಕ

ರಾಯಚೂರಿನ ರಾಜೇಂದ್ರ ಗಂಜ್‌ಗೆ ಹತ್ತಿ ತಂದು ಮಾರುವ ದೇವದುರ್ಗದ ಒಂದು ಒಕ್ಕಲು ಮನೆಯ ಲೆಕ್ಕ ಎಷ್ಟು ಕಡೆ ಬರೆದಿರುತ್ತದೆ ಎಂದು ಎಣಿಸಿ ನೋಡಿ. ಬೀಜ, ಗೊಬ್ಬರಕ್ಕೆ ಮುಂಗಡ ಕೊಟ್ಟ ದಲಾಲಿ ಅಂಗಡಿಯ ಖಾತೆಯಲ್ಲಿ ಒಂದು ಪುಟ, ಊರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಒಂದು ಪುಟ, ಸೊಸೈಟಿಯ ಬೆಳೆಸಾಲದ ದಾಖಲೆ, ಮಹಿಳಾ ಸಂಘದ ಪುಸ್ತಕ, ಕಿರುಸಾಲ ಕಂಪನಿಯ ನೌಕರನ ಮೊಬೈಲಿನಲ್ಲಿ ಕಂತಿನ ಪಟ್ಟಿ. ರಿಸರ್ವ್ ಬ್ಯಾಂಕಿನ ನಿಯಮವೊಂದು 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಿರುಸಾಲ ಪಡೆಯುವ ಮನೆಯ ವಾರ್ಷಿಕ ಆದಾಯ 3 ಲಕ್ಷ ರೂಪಾಯಿಯೊಳಗಿರಬೇಕು, ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ದಾಟಬಾರದು ಎಂಬುದು ಅದರ ತಿರುಳು. ಹಾಗಾದರೆ ಸಾಲ ಕೊಡುವವರು ಮೊದಲು ಆ ಮನೆಯ ಆದಾಯವನ್ನು ಕೇಳಿ ಬರೆದುಕೊಳ್ಳಲೇಬೇಕು. ಇಷ್ಟು ಜನ ಬರೆದಿಟ್ಟ ಆ ಲೆಕ್ಕ ಒಂದೇ ಒಂದು ಕಡೆ ಮಾತ್ರ ಸಿಗುವುದಿಲ್ಲ: ಆ ಮನೆಯೊಳಗೆ.

ಮನೆಯ ಬಜೆಟ್ ಎಂದ ಕೂಡಲೇ ಸಂಬಳದ ಮನೆ, ತಿಂಗಳ ಮೊದಲ ತಾರೀಖು, ಬಾಡಿಗೆ, ಹಾಲು, ಪೇಪರಿನ ಬಿಲ್ಲು ನೆನಪಾಗುತ್ತವೆ. ಅದು ಹೊಸದಾಗಿ ಸಂಸಾರ ಹೂಡಿದವರು ಕಲಿಯಬೇಕಾದ ವಿದ್ಯೆ, ಐವತ್ತೈದು ಅರವತ್ತು ದಾಟಿದವರಿಗೆ ಹೊತ್ತು ಮೀರಿತು ಎಂಬ ಭಾವನೆಯೂ ಜೊತೆಗೇ ಬರುತ್ತದೆ. ಎರಡೂ ತಪ್ಪು ತಿಳಿವಳಿಕೆಗಳು, ಮೊದಲನೆಯದರಿಂದಲೇ ಎರಡನೆಯದು ಹುಟ್ಟಿದೆ ಎಂಬುದು ನನ್ನ ವಾದ. ಈ ಭಾಗದ ಬಹುಪಾಲು ಮನೆಗಳ ಹಣ ತಿಂಗಳ ಚೌಕಟ್ಟಿಗೆ ಒಗ್ಗುವುದಿಲ್ಲ, ವರ್ಷದ ಚೌಕಟ್ಟಿಗೆ ಒಗ್ಗುತ್ತದೆ. ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ನಲವತ್ತು ಸಲ ಕಂಡವರು ಮನೆಯ ಹಿರಿಯರು. ಬಜೆಟ್ಟಿಗೆ ಬೇಕಾದ ಅತಿ ಮುಖ್ಯ ತಿಳಿವಳಿಕೆ ಅವರಲ್ಲಿ ಆಗಲೇ ಇದೆ. ಅದು ಕಾಗದಕ್ಕೆ ಇಳಿದಿಲ್ಲ, ಅಷ್ಟೆ.

ವರ್ಷದ ಏರಿಳಿತ ನೋಡಿ. ಕಾರಹುಣ್ಣಿಮೆಯ ಹೊತ್ತಿಗೆ ಬೀಜ, ಗೊಬ್ಬರ ಕೊಳ್ಳಬೇಕು. ಮೊಮ್ಮಕ್ಕಳ ಶಾಲೆಯ ಫೀಸು, ಪುಸ್ತಕ, ಬಟ್ಟೆ ಬರುವುದೂ ಅದೇ ಜೂನ್‌ನಲ್ಲಿ. ಆಗ ಕೈಯಲ್ಲಿ ಬೆಳೆಯ ದುಡ್ಡು ಇರುವುದಿಲ್ಲ. ದಸರಾ, ದೀಪಾವಳಿ ಕಳೆದು ಹತ್ತಿ ಬಿಡಿಸುವ ಕೆಲಸ ಜೋರಾಗುತ್ತದೆ, ಕಾಲುವೆಯ ಕೆಳಗಿನ ಭತ್ತ ಕೊಯ್ಲಿಗೆ ಬರುತ್ತದೆ, ಅದರ ಹಿಂದೆಯೇ ತೊಗರಿ. ಎರಡು ಮೂರು ತಿಂಗಳಲ್ಲಿ ವರ್ಷದ ದೊಡ್ಡ ಪಾಲು ಹಣ ಒಮ್ಮೆಲೇ ಬರುತ್ತದೆ. ಬಂದಾಗ ಹಳೆಯ ಬಾಕಿ ತೀರುತ್ತದೆ, ಮದುವೆ, ಜಾತ್ರೆ ಎದುರಿಗೇ ನಿಲ್ಲುತ್ತವೆ. ಮುಂದಿನ ಜೂನ್‌ಗೆ ಮತ್ತೆ ಮುಂಗಡ. ಗುಳೆ ಹೋಗುವ ಮನೆಗಳಲ್ಲೂ ಇದೇ ಲಯ. ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೊರಡುವಾಗ ಮೇಸ್ತ್ರಿಯಿಂದ ಮುಂಗಡ, ಆಮೇಲೆ ಅದನ್ನು ದುಡಿದು ತೀರಿಸುವ ತಿಂಗಳುಗಳು. ಇಂಥ ಮನೆಗೆ ತಿಂಗಳ ಬಜೆಟ್ ಕೊಟ್ಟರೆ ಡಿಸೆಂಬರಿನಲ್ಲಿ ಶ್ರೀಮಂತರಂತೆಯೂ ಜುಲೈನಲ್ಲಿ ದಿವಾಳಿಯಾದವರಂತೆಯೂ ಕಾಣಿಸುತ್ತಾರೆ. ಎರಡೂ ನಿಜವಲ್ಲ. ಆಳಿನ ಸಂಬಳ ಮಾತಾಡುವುದು ಯುಗಾದಿಯಿಂದ ಯುಗಾದಿಗೆ ಆಗಿರುವಾಗ ಮನೆಯ ಲೆಕ್ಕವೂ ಯುಗಾದಿಯಿಂದ ಯುಗಾದಿಗೆ ಏಕಾಗಬಾರದು? ಗೋಡೆಯ ಕ್ಯಾಲೆಂಡರಿನ ಹನ್ನೆರಡು ಹಾಳೆಗಳಲ್ಲಿ, ಯಾವ ತಿಂಗಳು ಯಾವ ಹಣ ಬರುತ್ತದೆ, ಯಾವ ತಿಂಗಳು ಯಾವ ದೊಡ್ಡ ಖರ್ಚು ಎಂದು ಗುರುತು ಹಾಕುವುದೇ ಮೊದಲ ಬಜೆಟ್. ದಿನದ ಎಲೆ ಅಡಿಕೆ, ಚಹಾದ ಲೆಕ್ಕ ಆಮೇಲಿನದು. ಅಲ್ಲಿಂದ ಶುರುಮಾಡಿದವರೇ ಹದಿನೈದು ದಿನಕ್ಕೆ ಪುಸ್ತಕ ಮುಚ್ಚುತ್ತಾರೆ.

ಇಳಿವಯಸ್ಸಿನಲ್ಲಿ ಮೊದಲ ಸಲ ಲೆಕ್ಕ ಹಿಡಿಯಬೇಕಾಗಿ ಬಂದವರಲ್ಲಿ ಹೆಂಗಸರೇ ಹೆಚ್ಚು. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಆರಂಭವಾದಾಗ ಅದೆಷ್ಟೋ ಅತ್ತೆಯಂದಿರ, ಅಜ್ಜಿಯಂದಿರ ಸ್ವಂತ ಖಾತೆಗೆ ಒಂದು ನಿಶ್ಚಿತ ಮೊತ್ತ ಬರತೊಡಗಿತು. ತಿಂಗಳಿಗೆ 2,000, ವರ್ಷಕ್ಕೆ 24,000 ರೂಪಾಯಿ. ಇದು ಕೆಲವೊಮ್ಮೆ ತಡವಾಗಿ, ಎರಡು ಮೂರು ಕಂತು ಒಟ್ಟಿಗೆ ಬರುವುದೂ ಉಂಟು, ಹಾಗಾಗಿ ಇದನ್ನೂ ವರ್ಷದ ಹಣವೆಂದೇ ನೋಡುವುದು ಕ್ಷೇಮ. ಈಗ ಇದರ ಪಕ್ಕಕ್ಕೆ ಇನ್ನೊಂದು ಅಂಕಿ ಇಡೋಣ. ಮನೆಯಲ್ಲಿ 50,000 ರೂಪಾಯಿ ಕೈಸಾಲ ಮೂರು ರೂಪಾಯಿ ಬಡ್ಡಿಯಲ್ಲಿದ್ದರೆ ತಿಂಗಳಿಗೆ 1,500, ವರ್ಷಕ್ಕೆ 18,000 ಬಡ್ಡಿ. ಅಂದರೆ ಆ ತಾಯಿಗೆ ಬಂದ ಹಣದ ಮುಕ್ಕಾಲು ಪಾಲು ಬಡ್ಡಿಗೇ ಸಮ, ಅಸಲು ಹಾಗೇ ನಿಂತಿರುತ್ತದೆ. 'ಮೂರು ರೂಪಾಯಿ' ಎಂದಾಗ ಕಿವಿಗೆ ಹಗುರ. ವರ್ಷಕ್ಕೆ ನೂರಕ್ಕೆ ಮೂವತ್ತಾರು ಎಂದು ಬರೆದಾಗಲೇ ಅದರ ಭಾರ ತಿಳಿಯುವುದು. ಸೊಸೈಟಿಯಲ್ಲಿ ಸಕಾಲಕ್ಕೆ ತೀರಿಸಿದವರಿಗೆ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆಸಾಲ ಇರುವ ರಾಜ್ಯದಲ್ಲಿ ಯಾವ ಸಾಲವನ್ನು ಮೊದಲು ತೀರಿಸಬೇಕು, ಯಾವುದನ್ನು ಎಂದಿಗೂ ತಪ್ಪಿಸಬಾರದು ಎಂಬುದು ಎಲ್ಲ ಸಾಲಗಳನ್ನೂ ಒಂದೇ ಹಾಳೆಯಲ್ಲಿ ಕಂಡವರಿಗೆ ಮಾತ್ರ ಗೊತ್ತಾಗುತ್ತದೆ.

ಸಂಬಳದ ಮನೆಗಳ ಕಷ್ಟ ಬೇರೆ ಬಗೆಯದು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಆಗ ಕೆಲಸಕ್ಕೆ ಸೇರಿದವರು ಇಂದು ನಿವೃತ್ತರು. ಸಂಬಳ ಇದ್ದಷ್ಟು ದಿನ ಕಡಿತವೆಲ್ಲ ಚೀಟಿಯಲ್ಲೇ ಆಗುತ್ತಿತ್ತು, ಬಜೆಟ್ ತಾನಾಗಿ ನಡೆಯುತ್ತಿತ್ತು. ನಿವೃತ್ತಿಯ ದಿನ ಒಮ್ಮೆಲೇ ದೊಡ್ಡ ಗಂಟು ಕೈಗೆ ಬಂದಾಗ ನೌಕರನೂ ಒಕ್ಕಲಿಗನ ಸ್ಥಿತಿಗೆ ಬರುತ್ತಾನೆ: ಸುಗ್ಗಿ ಒಂದೇ, ಉಣ್ಣುವುದು ಬಹುಕಾಲ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ 8.2ರ ದರದಲ್ಲಿ 10 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಬರುತ್ತದೆ. ಮಗನ ಪ್ಲಾಟಿಗೆ, ಮಗಳ ಮನೆಗೆ ಎಂದು ಗಂಟು ಕರಗುವ ಮೊದಲು ಈ ಲೆಕ್ಕ ಹಾಕಬೇಕು. ಆಮೇಲೆ ಹಾಕಿ ಪ್ರಯೋಜನವಿಲ್ಲ.

ಇಷ್ಟು ಕಡಿಮೆ ಆದಾಯಕ್ಕೆ ಬಜೆಟ್ ಏಕೆ ಎಂಬುದು ಎದುರಾಗುವ ಮೊದಲ ಆಕ್ಷೇಪ. ಇದಕ್ಕೆ ಉತ್ತರ 2009ರಲ್ಲಿ ಪ್ರಕಟವಾದ 'ಪೋರ್ಟ್‌ಫೋಲಿಯೋಸ್ ಆಫ್ ದ ಪೂರ್' ಎಂಬ ಪುಸ್ತಕದಲ್ಲಿದೆ. ಭಾರತ, ಬಾಂಗ್ಲಾದೇಶ, ದಕ್ಷಿಣ ಆಫ್ರಿಕದ 250ಕ್ಕೂ ಹೆಚ್ಚು ಬಡ ಮನೆಗಳಿಗೆ ವರ್ಷವಿಡೀ ಹೋಗಿ ಬಂದು ಸಂಶೋಧಕರು ಹಣದ ದಿನಚರಿ ಬರೆದರು. ಯಾವ ಮನೆಯೂ ನಾಲ್ಕಕ್ಕಿಂತ ಕಡಿಮೆ ಬಗೆಯ ಹಣಕಾಸು ದಾರಿಗಳನ್ನು ಬಳಸುತ್ತಿರಲಿಲ್ಲ. ಕೈಸಾಲ, ಚೀಟಿ, ಉದ್ರಿ, ನೆರೆಯವರ ಬಳಿ ಇಟ್ಟ ಇಡುಗಂಟು, ಹೀಗೆ. ವರ್ಷದ ಕೊನೆಗೆ ಉಳಿದದ್ದು ಸ್ವಲ್ಪವಾದರೂ ವರ್ಷದುದ್ದಕ್ಕೆ ಅವರ ಕೈಯಲ್ಲಿ ತಿರುಗಿದ ಹಣ ಅದರ ಹಲವು ಪಟ್ಟು. ಬಡವರ ಆದಾಯ ಬರೀ ಕಡಿಮೆಯಲ್ಲ, ಯಾವಾಗ ಬರುತ್ತದೆ ಎಂಬ ಭರವಸೆಯೂ ಇಲ್ಲದ್ದು. ಅದನ್ನು ಸರಿತೂಗಿಸುವ ಕೆಲಸ ಸಂಬಳದವರಿಗಿಂತ ಅವರಿಗೇ ಹೆಚ್ಚು. ಕಡಿಮೆ ನೀರಿರುವ ಹೊಲಕ್ಕೇ ಅಲ್ಲವೇ ಒಡ್ಡು ಬೇಕಾಗಿರುವುದು?

ಓದು ಬರಹ ಬಾರದವರೇನು ಮಾಡಬೇಕು ಎಂಬ ಎರಡನೇ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ. ಆದರೆ ಮದುವೆಯ ಚಪ್ಪರದಲ್ಲಿ ಮುಯ್ಯಿ ಬರೆಸುವ ಪುಸ್ತಕ ನೆನೆಯಿರಿ. ಯಾರು ಎಷ್ಟು ಹಾಕಿದರು, ಯಾರು ಏನು ಆಯೇರಿ ತಂದರು ಎಂಬುದನ್ನು ಬರೆಸಿ, ಟ್ರಂಕಿನಲ್ಲಿಟ್ಟು, ವರ್ಷಗಳ ನಂತರ ಅವರ ಮನೆಯ ಮದುವೆಗೆ ತೆಗೆದು ನೋಡುವವರು ಇದೇ ಹೆಂಗಸರು. ಓದಲು ಬಾರದವರು ಓದಿಸಿ ಕೇಳುತ್ತಾರೆ. ಲೆಕ್ಕದ ಶಿಸ್ತು ಇಲ್ಲಿ ಹೊಸತಲ್ಲ. ಅದು ನೆಂಟರ ಋಣಕ್ಕೆ ಬಳಕೆಯಾಗಿದೆ, ಮನೆಯ ಋಣಕ್ಕೆ ಆಗಿಲ್ಲ. ಹೈಸ್ಕೂಲಿಗೆ ಹೋಗುವ ಮೊಮ್ಮಗಳಿಂದ ವಾರಕ್ಕೊಮ್ಮೆ ಬರೆಸಿದರೆ ಸಾಕು.

ಮೂರನೆಯ ಆಕ್ಷೇಪ ಮಾನ್ವಿ ಕಡೆಯಿಂದ ಬರುತ್ತದೆ, ನನಗೆ ಅದೇ ಅತ್ಯಂತ ಗಟ್ಟಿಯಾದದ್ದು ಅನಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ನೀರು ಬಂದರೆ ಬಂತು, ಬೆಳೆಯೇ ಖಾತ್ರಿಯಿಲ್ಲದಿರುವಾಗ ಬಜೆಟ್ ಬರೆಯುವುದು ಹೇಗೆ ಎಂಬುದು ಅದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ 2025ರ ಕೊನೆಯಲ್ಲಿ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಯಾವ ಮನೆಯ ಬಜೆಟ್ಟೂ ಅದನ್ನು ಮುಂಚೆ ಊಹಿಸಲಾರದು, ನಿಜ. ಆದರೆ ಆ ತೀರ್ಮಾನ ಹೊರಬಿದ್ದ ದಿನಕ್ಕೂ ಬೇಸಿಗೆಯ ಮದುವೆಗಳಿಗೂ ನಡುವೆ ತಿಂಗಳುಗಳ ಅಂತರವಿತ್ತು. ಒಂದು ಬೆಳೆ ಬಂದರೆ ಇಷ್ಟು, ಎರಡು ಬಂದರೆ ಇಷ್ಟು ಎಂದು ಯುಗಾದಿಗೇ ಎರಡು ಸಾಲು ಬರೆದಿಟ್ಟ ಮನೆಗೆ ಆ ದಿನವೇ ಗೊತ್ತಾಗುತ್ತದೆ, ಯಾವ ಸಾಲಿನಲ್ಲಿ ನಡೆಯಬೇಕು, ಯಾವ ಕೆಲಸ ಮುಂದಿನ ವರ್ಷಕ್ಕೆ ಹಾಕಬೇಕು ಎಂದು. ಬರೆಯದ ಮನೆಗೆ ಅದು ತಿಳಿಯುವುದು ಏಪ್ರಿಲ್‌ನಲ್ಲಿ, ಸಾಲಗಾರರು ಬಾಗಿಲಿಗೆ ಬಂದಾಗ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತವನ್ನು ಕಾನೂನು ತಡೆದೀತು, ಕಂತಿನ ಮೇಲೆ ಕಂತು ಏರುವುದನ್ನು ತಡೆಯಲಾರದು.

ಲೆಕ್ಕ ಕೇಳಿದರೆ ಮನೆಯಲ್ಲಿ ಜಗಳ ಏಳುತ್ತದೆ ಎಂಬ ಅಂಜಿಕೆಯೂ ಸುಳ್ಳಲ್ಲ. ಗಂಡನ ಕುಡಿತದ ಖರ್ಚು, ಮಗ ಹೇಳದೇ ಮಾಡಿದ ಸಾಲ ಹೊರಬಂದಾಗ ಹಿರಿಯ ಹೆಂಗಸಿನ ಮೇಲೇ ಸಿಟ್ಟು ತಿರುಗಬಹುದು. ಅದಕ್ಕಾಗಿಯೇ ಮೊದಲ ವರ್ಷ ಯಾರ ಖರ್ಚನ್ನೂ ಪ್ರಶ್ನಿಸದೆ ಕೇವಲ ಬರೆಯುವುದು ಒಳ್ಳೆಯದು, ಅದೂ ಮನೆಯ ಹೊರಗಿನ ಬಾಕಿಗಳಿಂದ ಶುರುಮಾಡಿ. ಉದ್ರಿ ಅಂಗಡಿಯ ಪುಟ ಇಳಿಸಿಕೊಳ್ಳಬೇಕು, ಸಂಘದ ಕಂತಿನಲ್ಲಿ ಅಸಲೆಷ್ಟು ಬಡ್ಡಿಯೆಷ್ಟು ಕೇಳಬೇಕು. ಹತ್ತಿ ಮಾರಿ ಗಂಜ್‌ನಿಂದ ಬರುವಾಗ ಪಟ್ಟಿಯಲ್ಲಿ ತೂಕ, ದರ, ಹಮಾಲಿ, ಮುಂಗಡ, ಮುಂಗಡದ ಬಡ್ಡಿ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಂಡು ಬಂದು, ಸಂಜೆ ದೀಪ ಹಚ್ಚಿದ ಮೇಲೆ, ಜೂನ್‌ನಲ್ಲಿ ಮನೆಯ ಪುಸ್ತಕದಲ್ಲಿ ಬರೆದಿಟ್ಟ ಮುಂಗಡದ ಅಂಕಿಗೂ ಇದಕ್ಕೂ ತಾಳೆಯಾಗುತ್ತದೆಯೇ ಎಂದು ಗಂಡ ಹೆಂಡತಿ ಇಬ್ಬರೂ ಕೂತು ನೋಡಬೇಕು.